ಮನೆಯಲ್ಲಿ ಕಾವ್ಯವಾಚನ

“ಈಗ ಯಾವ ಗ್ರಂಥವನ್ನು ಓದುತ್ತಿರುವಿರಿ?” ಎಂದು ವಾಚಕರು ಪರಸ್ಪರ ವಿಚಾರಿಸುವ ವಾಡಿಕೆಯು ಶ್ಲಾಘನೀಯವಾದುದು. ಕಾದಂಬರಿಗಳನ್ನು ಹೆಸರಿಸುವವರು ಅನೇಕರು. ಪ್ರಾಚೀನ ಕಾವ್ಯಗಳನ್ನು ಹೆಸರಿಸುವವರು ವಿರಳ. “ಅರ್ಥವಾಗುವುದಿಲ್ಲ” ಎಂಬುದೇ ಬಹುಮಂದಿಯ ಉತ್ತರ. ಇದಕ್ಕೆ ಮುಖ್ಯ ಕಾರಣವು ಮೌನವಾಚನವೆಂದು ನಮ್ಮ ಅಭಿಪ್ರಾಯ.

ನಾವು ಈಗ ಓದುತ್ತಿರುವುದು ಕುಮಾರವ್ಯಾಸನ ಉದ್ಯೋಗಪರ್ವ. ಅದರ ಭಾಮಿನೀಷಟ್ಪದಿಯು ಮೂರು ಮತ್ತು ನಾಲ್ಕು ಮಾತ್ರೆಗಳ ಗಣಗಳಿಂದ ನಡೆಯುವುದು. ಚಿಕ್ಕ ಪಾದಕ್ಕೆ ೧೪ ಮಾತ್ರೆ, ದೊಡ್ಡದಕ್ಕೆ ೨೩. ಕಣ್ಣಿಗೆ ಗಂಟುಗಂಟಾಗಿ ತೋರುವ ಸಂಧಿಗಳು, ಈ ನಡೆಯನ್ನನುಸರಿಸಿ ಗಟ್ಟಿಯಾಗಿ ಓದಿದೊಡನೆ ಸಡಿಲವಾಗುತ್ತವೆ. ನಮ್ಮ ಗಮಕಿಗಳು ಕಾವ್ಯವನ್ನು ಉಳಿಸಿಕೊಂಡು ಬಂದುದು ಈ ಕ್ರಮದಿಂದಲೇ.

ಶ್ರೀಕೃಷ್ಣನು ಕರ್ಣನಿಗೆ ಜನ್ಮರಹಸ್ಯವನ್ನು ತಿಳಿಸುವ ಸಂದರ್ಭವನ್ನು ಮಕ್ಕಳ ಮುಂದೆ ಓದಿ ನೋಡಿರಿ. ರಾಜ್ಯವು ಕೈಗೆ ಬರುವಂತಿದ್ದರೂ ಕರ್ಣನು ತನ್ನನ್ನು ಸಾಕಿದ ದುರ್ಯೋಧನನನ್ನು ತೊರೆಯಲೊಲ್ಲನು. “ಅವನು ಮಾಡಿದ್ದು ಸರಿಯೇ?” ಎಂಬ ಪ್ರಶ್ನೆಯು ಮನೆಯಲ್ಲಿ ಹುಟ್ಟದೆ ಇರದು. ಅಣ್ಣನೊಂದು ಹೇಳುವನು, ತಂಗಿಯೊಂದು ಹೇಳುವಳು. ಉಪಕಾರಸ್ಮರಣೆಗೂ ಧರ್ಮಕ್ಕೂ ವಿರೋಧವೊದಗಿದಾಗ ಮಾಡತಕ್ಕುದೇನು ಎಂಬ ವಿಚಾರವು ಎಳೆಯ ಮನಸ್ಸಿಗೆ ಹೀಗೆ ಪರಿಚಿತವಾಗುವುದು. ಗ್ರಂಥವು ಕಪಾಟಿನಲ್ಲಿಯೇ ಉಳಿದರೆ ನಷ್ಟವಾಗುವುದು ಈ ಸಂಭಾಷಣೆ.

ದಿನಕ್ಕೆ ಐದು ಪದ್ಯಗಳು ಸಾಕು. ಒಬ್ಬರು ಓದಲಿ, ಇನ್ನೊಬ್ಬರು ಅರ್ಥ ಹೇಳಲಿ. ತಿಳಿಯದ ಪದಕ್ಕೆ ನಿಘಂಟುವಿದೆ. ಕುಮಾರವ್ಯಾಸನು ರಚಿಸಿದುದು ಗದಾಪರ್ವದವರೆಗಿನ ಹತ್ತು ಪರ್ವಗಳನ್ನು. ಉಳಿದುದನ್ನು ಕೃಷ್ಣದೇವರಾಯನ (೧೫೦೯–೧೫೨೯) ಆಶ್ರಯದಲ್ಲಿ ತಿಮ್ಮಣ್ಣಕವಿಯು ಪೂರೈಸಿದನು. ಬರೆಯುವುದಕ್ಕೇ ಇಬ್ಬರು ಕವಿಗಳು ಬೇಕಾದ ಕಥೆಯನ್ನು ಓದುವುದರಲ್ಲಿ ನಾವು ಆತುರಪಡುವುದೇಕೆ?