ಮನೆಯಂಗಳದ ಟೊಮೇಟೋ: ಯಾವ ತಳಿ, ಯಾವ ಕಾವಲು?

1892ರಲ್ಲಿ ಚಾಮರಾಜಪೇಟೆಯ ಬಡಾವಣೆ ಹುಟ್ಟಿತು. ಅಂದಿನ ಹಿತ್ತಿಲುಗಳಲ್ಲಿ ಬಹುಪಾಲು ಇಂದು ಕಟ್ಟಡಗಳಾಗಿವೆ. ತರಕಾರಿ ಬೆಳೆಯುವ ಆಸೆಯುಳ್ಳವರಿಗೆ ತಾರಸಿಯ ಮೇಲಿನ ಐದಾರು ಕುಂಡಗಳೇ ಹೊಲ. ದೊಡ್ಡ ಹೊಲದಲ್ಲಿ ಮೂರು ಗಿಡ ಸತ್ತರೆ ಲೆಕ್ಕಕ್ಕೆ ಬಾರದು. ಆರು ಕುಂಡಗಳಲ್ಲಿ ಮೂರು ಹೋದರೆ ಅರ್ಧ ಬೆಳೆಯೇ ಹೋದಂತೆ. ಆದುದರಿಂದ ಬೀಜ ಊರುವ ಮೊದಲೇ ತಳಿಯ ವಿಚಾರ ಮಾಡತಕ್ಕದ್ದು.

ನಮ್ಮ ಸೀಮೆಯಲ್ಲಿ ಟೊಮೇಟೋವಿಗೆ ಎರಡು ದೊಡ್ಡ ಪೀಡೆಗಳುಂಟು. ಮೊದಲನೆಯದು ಎಲೆಮುದುಡು ರೋಗ. ಎಲೆಗಳು ಮುರುಟಿ ಹಳದಿಗೆ ತಿರುಗುತ್ತವೆ, ಗಿಡ ಕುಳ್ಳಾಗಿ ನಿಂತುಬಿಡುತ್ತದೆ. ಇದು ವೈರಸ್ಸಿನ ಕೆಲಸ. ಅದನ್ನು ಹೊತ್ತು ತಿರುಗುವುದು ಬಿಳಿನೊಣ. ಈ ಬಗೆಯ ವೈರಸ್ಸುಗಳಲ್ಲೊಂದಕ್ಕೆ ಶಾಸ್ತ್ರಜ್ಞರು ಬೆಂಗಳೂರಿನ ಹೆಸರನ್ನೇ ಇಟ್ಟಿದ್ದಾರೆ; ಊರಿಗೆ ಇದೇನೂ ಹೆಮ್ಮೆಯ ಮಾತಲ್ಲ. ಸೋಂಕಿದ ಗಿಡಕ್ಕೆ ಔಷಧವಿಲ್ಲ, ಕಿತ್ತುಹಾಕಬೇಕು. ಬೇಸಗೆಯಲ್ಲಿ ಇದರ ಹಾವಳಿ ಹೆಚ್ಚು.

ಎಳೆಯ ಸಸಿಗೆ ಸೋಂಕು ತಗಲಿದರೆ ನಷ್ಟ ಪೂರ್ಣ. ಆದ್ದರಿಂದ ಸಸಿಗಳನ್ನು ನೈಲಾನ್ ಬಲೆಯೊಳಗೆ ಬೆಳೆಸುವುದು ವಾಡಿಕೆ. ಭೌತಶಾಸ್ತ್ರ ಹೇಳುವ ನಮಗೆ ಈ ಬಲೆಯ ಲೆಕ್ಕ ಸ್ವಾರಸ್ಯವಾಗಿ ತೋರುತ್ತದೆ. ಬಿಳಿನೊಣದ ಉದ್ದ ಸುಮಾರು 1 ಮಿಲಿಮೀಟರು. ಮೈಯ ಅಗಲ ಅದರ ಕಾಲುಭಾಗದಷ್ಟು. ಅಂಗುಲಕ್ಕೆ 50 ಎಳೆಗಳಿರುವ ಬಲೆಯಲ್ಲಿ ಎಳೆಯಿಂದ ಎಳೆಗೆ ಅರ್ಧ ಮಿಲಿಮೀಟರು. ನೂಲಿನ ದಪ್ಪವನ್ನು ಕಳೆದರೆ ಉಳಿಯುವ ಕಿಂಡಿ ಕಾಲು ಮಿಲಿಮೀಟರಿನ ಆಸುಪಾಸು. ಹಳೆಯ ಸೊಳ್ಳೆಪರದೆಯ ಕಿಂಡಿಯಾದರೋ ಬಿಳಿನೊಣಕ್ಕೆ ಹೆಬ್ಬಾಗಿಲು! ಆದರೆ ಕಿಂಡಿ ಕಿರಿದಾದಷ್ಟೂ ಗಾಳಿಯಾಡುವುದು ಕಡಮೆ, ಒಳಗೆ ಸೆಕೆ ಹೆಚ್ಚು. ನಾಟಿ ಮಾಡುವವರೆಗಿನ ಮೂರು ನಾಲ್ಕು ವಾರಗಳಿಗೆ ಬಲೆ ಸಾಕು.

ಎರಡನೆಯದು ಸೊರಗು ರೋಗ. ಹಸುರಾಗಿದ್ದ ಗಿಡ, ನೀರಿದ್ದೂ, ಒಂದೆರಡು ದಿನಗಳಲ್ಲಿ ಜೋತುಬೀಳುತ್ತದೆ. ಇದು ಮಣ್ಣಿನಲ್ಲಿರುವ ಬ್ಯಾಕ್ಟೀರಿಯಾದ ಕೆಲಸವೇ ಎಂಬುದನ್ನು ತಿಳಿಯಲು ಸೂಕ್ಷ್ಮದರ್ಶಕ ಬೇಕಿಲ್ಲ. ಬುಡದ ಕಾಂಡವನ್ನು ಕತ್ತರಿಸಿ, ಗಾಜಿನ ಲೋಟದ ತಿಳಿನೀರಿನಲ್ಲಿ ಇಳಿಬಿಟ್ಟು ಕೆಲವು ನಿಮಿಷ ನೋಡಿರಿ. ಹಾಲಿನಂತಹ ಬಿಳಿಯ ಎಳೆ ಕೆಳಕ್ಕೆ ಇಳಿದರೆ ಬ್ಯಾಕ್ಟೀರಿಯಾಗಳ ದಂಡೇ ಹೊರಬರುತ್ತಿದೆಯೆಂದು ಅರ್ಥ. ಆ ಮಣ್ಣಿನಲ್ಲಿ ಮತ್ತೆ ಟೊಮೇಟೋ, ಬದನೆ, ಮೆಣಸಿನಗಿಡಗಳನ್ನು ನೆಡಬಾರದು. ಇಲ್ಲಿ ಮಾತ್ರ ಕುಂಡದವರು ರೈತರಿಗಿಂತ ಭಾಗ್ಯಶಾಲಿಗಳು: ಮಣ್ಣನ್ನೇ ಬದಲಾಯಿಸಬಹುದು.

ಇನ್ನು ತಳಿ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ 'ಅರ್ಕಾ ರಕ್ಷಕ್' ಈ ಎರಡು ರೋಗಗಳನ್ನೂ ಅಂಗಮಾರಿಯನ್ನೂ ತಡೆದುಕೊಳ್ಳುವ ಸಂಕರ ತಳಿ. ಹಣ್ಣು ಗಟ್ಟಿ, ಬಹುದಿನ ಕೆಡದು. ಆದರೆ ಸಂಕರ ತಳಿಯ ಹಣ್ಣಿನಿಂದ ತೆಗೆದ ಬೀಜ ಮುಂದಿನ ಪೀಳಿಗೆಯಲ್ಲಿ ತಾಯಿಯಂತೆಯೇ ಬರುವುದಿಲ್ಲ. ಪ್ರತಿಸಲವೂ ಬೀಜ ಕೊಳ್ಳಬೇಕು. ಬೀಜ ಉಳಿಸಿಕೊಳ್ಳಬೇಕೆನ್ನುವವರು ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದ 'ನಂದಿ', 'ಸಂಕ್ರಾಂತಿ', 'ವೈಭವ್' ತಳಿಗಳನ್ನು ವಿಚಾರಿಸಬಹುದು. ಇವು ಎಲೆಮುದುಡು ರೋಗವನ್ನು ತಾಳುತ್ತವೆ. ಸೊರಗು ಹೆಚ್ಚಿರುವಲ್ಲಿ 'ಅರ್ಕಾ ಆಭಾ' ಲೇಸು. ಟೊಮೇಟೋ ಹೂವು ಬಹುಮಟ್ಟಿಗೆ ತನ್ನ ಪರಾಗದಿಂದಲೇ ಕಾಯಿಗಟ್ಟುವುದರಿಂದ ಇಂತಹ ತಳಿಗಳ ಗುಣ ಸುಲಭವಾಗಿ ಕೆಡದು.

ಸಾರಿಗೆ ಹುಳಿಯೇ ಬೇಕೆನ್ನುವ ಮನೆಗಳು ನಾಟಿ ಟೊಮೇಟೋವನ್ನು ಬಿಡಲಾರವು, ಬಿಡಬೇಕಾಗಿಯೂ ಇಲ್ಲ. ರೋಗದ ಭಯ ಅದಕ್ಕೆ ಹೆಚ್ಚಾದ್ದರಿಂದ ಬಲೆಯ ಕಾವಲನ್ನು ತಪ್ಪಿಸಕೂಡದು. ನಿರೋಗಿಯಾದ ಗಿಡದ ಪೂರ್ಣ ಮಾಗಿದ ಹಣ್ಣನ್ನು ಆರಿಸಿ, ಬೀಜವನ್ನು ಲೋಳೆಯ ಸಮೇತ ಒಂದೆರಡು ದಿನ ಹುಳಿಯಲು ಬಿಟ್ಟು, ತೊಳೆದು ನೆರಳಿನಲ್ಲಿ ಒಣಗಿಸಿ, ತಳಿಯ ಹೆಸರು ಬರೆದ ಕಾಗದದ ಪೊಟ್ಟಣದಲ್ಲಿ ಇಡತಕ್ಕದ್ದು.