ಮಂಡಿ ಬದಲಾವಣೆ: ಯಾರಿಗೆ ಬೇಕು, ಯಾರಿಗೆ ಬೇಡ?

‘ಎಕ್ಸ್-ರೇ ತೆಗೆಸಿದೆವು ಡಾಕ್ಟ್ರೇ, ಅಮ್ಮನ ಮಂಡಿ ಪೂರ್ತಿ ಸವೆದಿದೆಯಂತೆ. ಆಪರೇಷನ್ ಮಾಡಿಸಲೇಬೇಕೆ?’ ವಯಸ್ಸಾದ ತಂದೆ ತಾಯಿಯರನ್ನು ಕರೆತರುವ ಮಕ್ಕಳು ಪದೇ ಪದೇ ಕೇಳುವ ಪ್ರಶ್ನೆ ಇದು.

ಮಂಡಿಯ ಕೀಲಿನಲ್ಲಿ ಮೂಳೆಗಳ ತುದಿಗೆ ನುಣುಪಾದ ಮೃದ್ವಸ್ಥಿಯ ಹೊದಿಕೆ ಇರುತ್ತದೆ. ವಯಸ್ಸು, ಬೊಜ್ಜು, ಹಳೆಯ ಪೆಟ್ಟು ಮುಂತಾದ ಕಾರಣಗಳಿಂದ ಈ ಹೊದಿಕೆ ಹಾಳಾಗುವ ಕಾಯಿಲೆಯೇ ಆಸ್ಟಿಯೋ ಆರ್ಥ್ರೈಟಿಸ್. ಎಕ್ಸ್-ರೇಯಲ್ಲಿ ಕಾಣುವ ಸವೆತಕ್ಕೂ ರೋಗಿ ಅನುಭವಿಸುವ ನೋವಿಗೂ ಎಷ್ಟೋ ಸಲ ತಾಳೆಯಾಗುವುದಿಲ್ಲ. ಬಹಳ ಸವೆದ ಮಂಡಿಯಲ್ಲೇ ಆರಾಮವಾಗಿ ಓಡಾಡುವವರಿದ್ದಾರೆ. ಆದ್ದರಿಂದ ಎಕ್ಸ್-ರೇ ಒಂದನ್ನೇ ನೋಡಿ ಶಸ್ತ್ರಚಿಕಿತ್ಸೆಗೆ ಒಪ್ಪಬೇಡಿ.

ಮೊದಲು ಇದನ್ನು ಮಾಡಿ

ತೊಡೆಯ ಮುಂಭಾಗದ ಸ್ನಾಯುವನ್ನು ಬಲಪಡಿಸುವ ವ್ಯಾಯಾಮವನ್ನು ಕೆಲವು ತಿಂಗಳು ತಪ್ಪದೆ ಮಾಡಿ. ತೂಕ ಇಳಿಸಿ. ದೇಹದ ತೂಕ ಒಂದು ಕಿಲೋ ಇಳಿದರೆ, ನಡೆಯುವಾಗ ಮಂಡಿಯ ಮೇಲಿನ ಹೊರೆ ಸುಮಾರು ನಾಲ್ಕು ಕಿಲೋ ಇಳಿಯುತ್ತದೆ. ಕೈಯಲ್ಲಿ ಕೋಲು ಹಿಡಿಯಲು ನಾಚಿಕೆ ಬೇಡ. ನೋವಿರುವ ಕಾಲಿನ ಎದುರು ಬದಿಯ ಕೈಯಲ್ಲಿ ಹಿಡಿಯಿರಿ. ನೋವಿನ ಮಾತ್ರೆಗಳನ್ನು ವೈದ್ಯರ ಸಲಹೆಯಂತೆ ಮಾತ್ರ ಸೇವಿಸಿ.

ಯಾರಿಗೆ ಯಾವ ಶಸ್ತ್ರಚಿಕಿತ್ಸೆ?

ಇಷ್ಟೆಲ್ಲ ಮಾಡಿಯೂ ರಾತ್ರಿ ನೋವಿನಿಂದ ನಿದ್ದೆ ಬಾರದಿದ್ದರೆ, ಮನೆಯೊಳಗೆ ಓಡಾಡುವುದೇ ಕಷ್ಟವಾದರೆ, ಎಕ್ಸ್-ರೇಯಲ್ಲೂ ತೀವ್ರ ಸವೆತವಿದ್ದರೆ ಪೂರ್ಣ ಮಂಡಿ ಬದಲಾವಣೆಯಿಂದ ಹೆಚ್ಚಿನ ಲಾಭವಿದೆ. ಸವೆತ ಅಲ್ಪವಾಗಿದ್ದು ನೋವು ಮಾತ್ರ ವಿಪರೀತವಾಗಿದ್ದರೆ ಬೆನ್ನು ಹಾಗೂ ತೊಡೆಸಂದಿನ ಕೀಲನ್ನು ಪರೀಕ್ಷಿಸಬೇಕು; ನೋವಿನ ಮೂಲ ಅಲ್ಲಿರಬಹುದು.

ಮಂಡಿಯ ಒಂದೇ ಪಕ್ಕ ಸವೆದಿದ್ದರೆ ಅಷ್ಟು ಭಾಗವನ್ನಷ್ಟೇ ಬದಲಾಯಿಸಬಹುದು. ಕಾಲು ಬಿಲ್ಲಿನಂತೆ ಬಾಗಿರುವ, ದುಡಿಯುವ ವಯಸ್ಸಿನವರಿಗೆ ಮೂಳೆಯನ್ನು ಕತ್ತರಿಸಿ ನೇರಗೊಳಿಸಿ, ಸ್ವಂತ ಮಂಡಿಯನ್ನೇ ಉಳಿಸಿಕೊಳ್ಳುವ ವಿಧಾನವಿದೆ. ದುರ್ಬೀನಿನ ಮೂಲಕ ಕೀಲನ್ನು ತೊಳೆಯುವ ಚಿಕಿತ್ಸೆಯಿಂದ ಸವೆತದ ನೋವಿಗೆ ಪ್ರಯೋಜನವಿಲ್ಲವೆಂದು 2002ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ತೋರಿಸಿತು. ನಂತರದ ಅಧ್ಯಯನಗಳೂ ಅದನ್ನೇ ಹೇಳಿವೆ.

ಯಾರು ಕಾಯಬೇಕು?

ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರು, ಹಲ್ಲಿನಲ್ಲಿ ಕೀವು, ಕಾಲಿನಲ್ಲಿ ಹುಣ್ಣು ಅಥವಾ ಮೂತ್ರದ ಸೋಂಕು ಇರುವವರು ಮೊದಲು ಅವನ್ನು ಗುಣಪಡಿಸಿಕೊಳ್ಳಬೇಕು. ಕೃತಕ ಕೀಲಿಗೆ ಸೋಂಕು ತಗುಲಿದರೆ ಅದನ್ನು ತೆಗೆಯಬೇಕಾಗಿ ಬರಬಹುದು. ಮಂಡಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಪಡೆದಿದ್ದರೆ ಕನಿಷ್ಠ ಮೂರು ತಿಂಗಳು ಕಳೆಯಲಿ. ಧೂಮಪಾನ ನಿಲ್ಲಿಸಿ. ಹೃದಯ ದುರ್ಬಲವಾಗಿರುವವರು ಎರಡೂ ಮಂಡಿಗಳನ್ನು ಒಂದೇ ದಿನ ಬದಲಾಯಿಸಿಕೊಳ್ಳುವುದು ಕ್ಷೇಮವಲ್ಲ. ಎಪ್ಪತ್ತೈದು ದಾಟಿತೆಂಬ ಒಂದೇ ಕಾರಣಕ್ಕೆ ಮಾತ್ರ ಯಾರನ್ನೂ ಬೇಡವೆನ್ನಬೇಕಾಗಿಲ್ಲ. ಮಂಡಿ ಸೆಟೆದು, ಸ್ನಾಯು ಸೊರಗಿ, ಹಾಸಿಗೆ ಹಿಡಿಯುವವರೆಗೆ ಮುಂದೂಡಿದರೆ ಫಲವೂ ಕಡಿಮೆ.

ನಿರೀಕ್ಷೆ ಎಷ್ಟಿರಬೇಕು?

ಕೃತಕ ಮಂಡಿ ಹತ್ತರಲ್ಲಿ ಎಂಟು ಜನರಿಗೆ ಸುಮಾರು 25 ವರ್ಷ ಬಾಳಿಕೆ ಬರುತ್ತದೆ. ಆದರೂ ಐವರಲ್ಲಿ ಒಬ್ಬರಷ್ಟು ಮಂದಿಗೆ ಪೂರ್ಣ ತೃಪ್ತಿ ಸಿಗುವುದಿಲ್ಲ. ನಡಿಗೆ, ಮೆಟ್ಟಿಲು ಹತ್ತುವುದು ಸುಲಭವಾಗುತ್ತದೆ. ಆದರೆ ಚಕ್ಕಳಮಕ್ಕಳ ಹಾಕಿ ಊಟಕ್ಕೆ ಕೂರುವುದು, ಕುಕ್ಕರಗಾಲಲ್ಲಿ ಕೂರುವುದು ಹೆಚ್ಚಿನವರಿಗೆ ಸಾಧ್ಯವಾಗದು. ಮನೆಯಲ್ಲಿ ಕಮೋಡ್ ವ್ಯವಸ್ಥೆ ಮೊದಲೇ ಆಗಲಿ. ಶಸ್ತ್ರಚಿಕಿತ್ಸೆಯ ನಂತರ ವಾರಗಟ್ಟಲೆ ವ್ಯಾಯಾಮ ಮಾಡಲೇಬೇಕು. ಅದಕ್ಕೆ ಮನಸ್ಸಿಲ್ಲದವರು ಮತ್ತೊಮ್ಮೆ ಯೋಚಿಸುವುದು ಮೇಲು.

ಕೃತಕ ಮಂಡಿಯ ಬೆಲೆಗೆ ಕೇಂದ್ರ ಸರ್ಕಾರ 2017ರ ಆಗಸ್ಟ್‌ನಲ್ಲಿ ಮಿತಿ ಹಾಕಿತು. ಆಸ್ಪತ್ರೆಯ ಬಿಲ್ಲಿನಲ್ಲಿ ಕೀಲಿನ ಬೆಲೆಯನ್ನು ಪ್ರತ್ಯೇಕವಾಗಿ ಕೇಳಿ ತಿಳಿದುಕೊಳ್ಳಿ. ಸಾಲ ಮಾಡಿ ಅವಸರಪಡಬೇಕಾದ ತುರ್ತು ಕಾಯಿಲೆ ಇದಲ್ಲ. ಇನ್ನೊಬ್ಬ ಮೂಳೆ ತಜ್ಞರ ಅಭಿಪ್ರಾಯ ಪಡೆಯಲು ಸಮಯವಿದೆ. ಕೊನೆಯ ತೀರ್ಮಾನವನ್ನು ನೋವು ಉಣ್ಣುತ್ತಿರುವ ಹಿರಿಯರೇ ಮಾಡಲಿ.