ಕ್ಯಾಮೆರಾದೊಳಗಿನ ಧೂಳು ತೆಗೆಯುವ ಬಗೆ

ವಿಜಯನಗರದ ಕಲ್ಯಾಣ ಮಂಟಪಗಳಲ್ಲಿ ಮದುವೆ ಫೋಟೊ ತೆಗೆಯುವವರಿಗೆ ಹೋಮದ ಹೊಗೆ, ಅರಿಶಿನದ ಪುಡಿ ತಪ್ಪಿದ್ದಲ್ಲ. ಕೆಂಗೇರಿ ಕಡೆಯಿಂದ ತುರಹಳ್ಳಿ ಕಾಡಿಗೆ ಬೆಳಗ್ಗೆ ಹಕ್ಕಿ ಹುಡುಕಿ ಹೋಗುವವರಿಗೆ ಬೇಸಿಗೆಯ ಒಣ ಮಣ್ಣು. ಲೆನ್ಸ್ ಬದಲಿಸುವ ಅರೆಗಳಿಗೆಯಲ್ಲಿ ಇದರಲ್ಲೊಂದಿಷ್ಟು ಒಳಸೇರುತ್ತದೆ. ಆದರೆ ಮದುವೆಯವರಿಗೆ ಅದು ತಿಂಗಳುಗಟ್ಟಲೆ ಕಾಣದೇ ಇರಬಹುದು. ಬೆಟ್ಟ, ಕೆರೆ ತೆಗೆಯುವವರಿಗೆ ಮರುದಿನವೇ ಕಣ್ಣಿಗೆ ಬೀಳುತ್ತದೆ.

ಕಾರಣ ಅಪರ್ಚರ್. ಧೂಳು ಕೂರುವುದು ನೇರವಾಗಿ ಸೆನ್ಸಾರ್ ಮೇಲಲ್ಲ, ಅದರ ಮುಂದಿರುವ ಫಿಲ್ಟರ್ ಗಾಜಿನ ಮೇಲೆ. ಎಫ್/2.8ರಲ್ಲಿ ಬೆಳಕು ಅಗಲವಾಗಿ ನಾನಾ ಕೋನಗಳಿಂದ ಬರುವುದರಿಂದ ಕಣದ ನೆರಳು ಕರಗಿಹೋಗುತ್ತದೆ. ಎಫ್/16, ಎಫ್/22ಕ್ಕೆ ಹೋದರೆ ಬೆಳಕಿನ ದಾರಿ ಕಿರಿದಾಗಿ ಅದೇ ನೆರಳು ಗಾಢವಾಗುತ್ತದೆ, ಆಕಾಶದಲ್ಲಿ ಬೂದು ಚುಕ್ಕೆಯಾಗಿ ಮೂಡುತ್ತದೆ. ಆದ್ದರಿಂದ ಮೊದಲು ಕೇಳಿಕೊಳ್ಳಬೇಕಾದ್ದು, ನಿಮ್ಮ ಚಿತ್ರಗಳಲ್ಲಿ ಅದು ನಿಜಕ್ಕೂ ಕಾಣುತ್ತಿದೆಯೇ ಎಂದು. ಕಾಣದಿದ್ದರೆ ಸೆನ್ಸಾರ್ ಮುಟ್ಟಲೇಬೇಡಿ.

ಪರೀಕ್ಷೆ ಸುಲಭ. ಮಹಡಿ ಹತ್ತಿ, ಐಎಸ್‌ಒ 100, ಎಫ್/22 ಇಟ್ಟು, ಫೋಕಸ್ ಬೇಕೆಂದೇ ತಪ್ಪಿಸಿ ಮೋಡವಿಲ್ಲದ ಆಕಾಶದ ಒಂದು ಚಿತ್ರ ತೆಗೆಯಿರಿ. ಬಿಳಿ ಗೋಡೆಯಾದರೂ ಸರಿ. ಶಟರ್ ತೆರೆದಿರುವಾಗ ಕ್ಯಾಮೆರಾ ಸ್ವಲ್ಪ ಆಡಿಸಿದರೆ ಗೋಡೆಯ ಕಲೆಗಳು ಅಳಿಸಿಹೋಗಿ ಧೂಳಿನ ಚುಕ್ಕೆ ಮಾತ್ರ ಉಳಿಯುತ್ತದೆ. ಲೆನ್ಸ್ ಬದಲಿಸಿದರೂ ಚುಕ್ಕೆ ಅದೇ ಜಾಗದಲ್ಲಿದ್ದರೆ ಅದು ಸೆನ್ಸಾರಿನದೇ. ಎಲ್ಲಿದೆ ಎಂದು ಹುಡುಕುವಾಗ ಒಂದು ನೆನಪಿರಲಿ: ಚಿತ್ರದಲ್ಲಿ ಎಡ ಮೇಲ್ಮೂಲೆಯಲ್ಲಿರುವ ಚುಕ್ಕೆ, ಲೆನ್ಸ್ ತೆಗೆದು ಎದುರಿನಿಂದ ನೋಡಿದಾಗ ಎಡ ಕೆಳಮೂಲೆಯಲ್ಲಿರುತ್ತದೆ.

ಇನ್ನು ಜಾಗ. ರಾಜಾಜಿನಗರದಂಥ ಕಡೆ ಮುಖ್ಯರಸ್ತೆಗೆ ಕಿಟಕಿಯಿದ್ದರೆ ಮುಚ್ಚಿ. ಫ್ಯಾನ್ ಬೇಡ, ಊದುಬತ್ತಿ ಬೇಡ, ಅಡುಗೆಮನೆಯಲ್ಲಿ ಒಗ್ಗರಣೆ ಹಾಕುವ ಹೊತ್ತಂತೂ ಬೇಡವೇ ಬೇಡ. ಎಣ್ಣೆಯ ಹಬೆ ಗಾಜಿಗೆ ಅಂಟಿದರೆ ಧೂಳಿಗಿಂತ ಕಷ್ಟ. ನೆಲ ಒದ್ದೆ ಬಟ್ಟೆಯಿಂದ ಒರೆಸಿ, ಆರಿದ ಮೇಲೆ ಕೂರಿ.

ಮೊದಲು ಕ್ಯಾಮೆರಾದ ಸ್ವಯಂಶುದ್ಧಿ ಮೆನು ಒಂದೆರಡು ಸಲ ನಡೆಸಿ. 2003ರ ಒಲಿಂಪಸ್ ಇ-1ರಿಂದ ಬಂದ ಈ ವ್ಯವಸ್ಥೆ ಗಾಜನ್ನು ಅತಿವೇಗದಲ್ಲಿ ನಡುಗಿಸಿ ಧೂಳು ಉದುರಿಸುತ್ತದೆ. ಹೋಗದಿದ್ದರೆ ರಬ್ಬರ್ ಬ್ಲೋವರ್. ಬ್ಯಾಟರಿ ತುಂಬ ಚಾರ್ಜ್ ಇರಲಿ: ಡಿಎಸ್‌ಎಲ್‌ಆರ್‌ನಲ್ಲಿ ಕ್ಲೀನಿಂಗ್ ಮೋಡ್ ಕನ್ನಡಿಯನ್ನು ಎತ್ತಿ, ಶಟರನ್ನು ತೆರೆದು ಹಿಡಿದಿರುತ್ತದೆ, ನಡುವೆ ಬ್ಯಾಟರಿ ಮುಗಿದರೆ ಅವು ನಿಮ್ಮ ಸಾಧನದ ಮೇಲೆಯೇ ಮುಚ್ಚಿಕೊಂಡಾವು. ಬ್ಲೋವರನ್ನು ಮೊದಲು ಗಾಳಿಯಲ್ಲೇ ನಾಲ್ಕಾರು ಸಲ ಒತ್ತಿ ಅದರೊಳಗಿನ ಧೂಳು ಹೊರಹಾಕಿ. ಕ್ಯಾಮೆರಾ ಬಾಯಿ ಕೆಳಗೆ ಮಾಡಿ ಹಿಡಿದು, ಮೂತಿ ಒಳಗೆ ತೂರಿಸದೆ ಊದಿ. ಬಾಯಿಂದ ಊದಬೇಡಿ, ಎಂಜಲಿನ ಹನಿ ಕೂರುತ್ತದೆ. ಕಂಪ್ಯೂಟರ್ ಒರೆಸುವವರ ಗಾಳಿ ಡಬ್ಬಿಯೂ ಬೇಡ, ಅದರ ದ್ರವ ಚಿಮ್ಮಿ ಗಾಜಿನ ಮೇಲೆ ಕಲೆಯಾಗುತ್ತದೆ. ಹೆಚ್ಚಿನ ಧೂಳು ಇಲ್ಲಿಗೇ ಮುಗಿಯುತ್ತದೆ, ಮುಗಿದರೆ ನಿಲ್ಲಿಸಿ.

ಊದಿದರೂ ಕದಲದ್ದು ಬಹುಮಟ್ಟಿಗೆ ಎಣ್ಣೆ ಅಥವಾ ಒಣಗಿದ ಹನಿ. ಶಟರಿನ ಒಳಭಾಗದಿಂದಲೂ ಜಿಡ್ಡು ಸಿಡಿಯುತ್ತದೆ. ಆಗ ಮಾತ್ರ ಒದ್ದೆ ಸ್ವ್ಯಾಬ್. ಸೆನ್ಸಾರಿನ ಎತ್ತರಕ್ಕೆ ಸರಿಯಾದ ಅಗಲದ್ದೇ ಬೇಕು: ಪೂರ್ಣ ಫ್ರೇಮಿಗೆ 24 ಮಿ.ಮೀ., ಎಪಿಎಸ್-ಸಿಗೆ 16 ಮಿ.ಮೀ. ಸೆನ್ಸಾರಿಗೆಂದೇ ಮಾರುವ ದ್ರಾವಣದ ಎರಡು ಹನಿ ಸ್ವ್ಯಾಬ್ ಅಂಚಿಗೆ ಬಿಟ್ಟು, ಹತ್ತು ಸೆಕೆಂಡು ಹೀರಲು ಬಿಡಿ. ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಒಂದೇ ಎಳೆತ. ಒತ್ತಡ ದೋಸೆ ಹೆಂಚಿಗೆ ಎಣ್ಣೆ ಸವರುವಷ್ಟು, ಅದಕ್ಕಿಂತ ಹೆಚ್ಚಿಲ್ಲ. ಸ್ವ್ಯಾಬ್ ತಿರುಗಿಸಿ ಶುಭ್ರ ಮಗ್ಗುಲಿನಿಂದ ಹಿಂದಕ್ಕೆ ಒಂದು ಎಳೆತ. ಅಲ್ಲಿಗೆ ಆ ಸ್ವ್ಯಾಬ್ ಕಸದ ಬುಟ್ಟಿಗೆ. ಬೆಲೆ ನೋಡಿ ಮತ್ತೆ ಅದನ್ನೇ ಬಳಸಿದರೆ ಅದಕ್ಕಂಟಿದ ಮರಳಿನ ಕಣ ಗಾಜನ್ನು ಗೀರುತ್ತದೆ, ಗೀರಿದ ಗಾಜು ಬದಲಿಸುವ ಖರ್ಚು ಸ್ವ್ಯಾಬಿನ ಎಷ್ಟೋ ಪಟ್ಟು. ಕಿವಿಯ ಬಡ್ಸ್, ಸ್ಯಾನಿಟೈಸರ್, ಕನ್ನಡಕದ ಬಟ್ಟೆ ಯಾವುದೂ ಸಲ್ಲದು. ಡಿಎಸ್‌ಎಲ್‌ಆರ್‌ನ ಕನ್ನಡಿಯನ್ನಂತೂ ಸ್ವ್ಯಾಬಿನಿಂದ ಮುಟ್ಟಬೇಡಿ, ಅದರ ಲೇಪ ಮೇಲ್ಮೈಯಲ್ಲೇ ಇದೆ.

ಮತ್ತೆ ಎಫ್/22ರಲ್ಲಿ ಒಂದು ಚಿತ್ರ ತೆಗೆದು ನೋಡಿ. ಒಂದೆರಡು ಸಣ್ಣ ಚುಕ್ಕೆ ಉಳಿದರೆ ಬಿಟ್ಟುಬಿಡಿ, ಸಾಫ್ಟ್‌ವೇರಿನಲ್ಲಿ ಅಳಿಸುವುದು ಕ್ಷಣದ ಕೆಲಸ. ಎರಡು ಮೂರು ಸ್ವ್ಯಾಬಿಗೂ ಜಗ್ಗದಿದ್ದರೆ, ಅಥವಾ ಚುಕ್ಕೆಯ ಬದಲು ಗೀರು ಕಂಡರೆ ಸರ್ವಿಸ್ ಸೆಂಟರಿಗೆ ಒಯ್ಯಿರಿ. ಮುಚ್ಚುವ ಮೊದಲು ಬಾಡಿ ಕ್ಯಾಪ್, ಲೆನ್ಸಿನ ಹಿಂಬದಿ ಮುಚ್ಚಳ ಎರಡನ್ನೂ ಬ್ಲೋವರಿನಿಂದ ಊದಿ. ಸೆನ್ಸಾರಿಗೆ ಬೀಳುವ ಧೂಳಿನಲ್ಲಿ ಇವುಗಳ ಪಾಲೂ ಇದೆ.